ಹಳೆಯ ಮರಗಳ ಮೇಲಣ ಅಣಬೆಗಳು: ಅವುಗಳನ್ನು ಕಂಡುಹಿಡಿಯುವ ಮತ್ತು ಗುರುತಿಸುವ ಕ್ರಮ

ಊರಿನ ಮುಂದಣ ಅಶ್ವತ್ಥಕಟ್ಟೆ, ಕೆರೆಯ ಏರಿಯ ಮೇಲಣ ಆಲ, ಗುಂಡುತೋಪಿನ ಮಾವು ಮತ್ತು ಹುಣಿಸೆ, ರಸ್ತೆಯ ಎರಡು ಪಕ್ಕಗಳಲ್ಲಿಯೂ ಹಿರಿಯರು ನೆಡಿಸಿದ ಸಾಲುಮರಗಳು, ಇವೆಲ್ಲವೂ ಗ್ರಾಮದ ಸ್ವತ್ತು. ಒಂದು ತಲೆಯವರು ನೆಟ್ಟು ನೀರೆರೆದುದನ್ನು ಮೂರು ತಲೆಯವರು ಅನುಭವಿಸುವರು. ಹೊಲದ ಬದುವಿನಲ್ಲಿ ನೂರು ವರ್ಷ ಬೆಳೆದ ಮರವೊಂದು ಬಿದ್ದುಹೋದರೆ, ಹಣವೆಷ್ಟಿದ್ದರೂ ಅಂತಹ ಮರವನ್ನು ಒಂದೆರಡು ವರ್ಷಗಳಲ್ಲಿ ಪಡೆಯಲಾಗದು. ಆದುದರಿಂದ ಇಂತಹ ಮರಗಳ ಆರೋಗ್ಯವನ್ನು ವಿಚಾರಿಸಿಕೊಳ್ಳುವುದು ಗ್ರಾಮದ ಮುಖ್ಯಸ್ಥರಿಗೂ ಜಮೀನುದಾರರಿಗೂ ಸೇರಿದ ಕರ್ತವ್ಯವಾಗಿದೆ.

ಮುಂಗಾರು ಮಳೆ ಹಿಡಿದ ಮೇಲೆ ಹಳೆಯ ಮರಗಳ ಬುಡದಲ್ಲಾಗಲಿ, ಕಾಂಡದ ಮೇಲಾಗಲಿ ಗೋಡೆಗೆ ಹೊಡೆದ ಹಲಗೆಯಂತೆ ಅಡ್ಡಲಾಗಿ ಚಾಚಿಕೊಂಡಿರುವ ಗಟ್ಟಿಯಾದ ಅಣಬೆಗಳು ಕಾಣಿಸಿಕೊಳ್ಳುವುದುಂಟು. ಇವುಗಳನ್ನು ಕಂಡಾಗ ಜನರು ಸಾಮಾನ್ಯವಾಗಿ ಎರಡು ಬಗೆಯ ತಪ್ಪನ್ನು ಮಾಡುತ್ತಾರೆ. ಕೆಲವರು ಮರವು ಕೆಟ್ಟುಹೋಯಿತೆಂದು ಹೆದರಿ, ಇನ್ನೂ ಐವತ್ತು ವರ್ಷ ಬಾಳಬಹುದಾದ ಮರವನ್ನು ಕಡಿಸಿಬಿಡುವರು. ಮತ್ತೆ ಕೆಲವರು ಅಣಬೆಯನ್ನು ಕೋಲಿನಿಂದ ಬಡಿದು ಕೆಡವಿ, ರೋಗವು ತೊಲಗಿತೆಂದು ನೆಮ್ಮದಿಯಿಂದಿರುವರು. ಬುಡವು ಒಳಗೇ ಕೊಳೆತ ಮರವು ಒಂದು ದಿನ ಗಾಳಿಗೆ ಉರುಳಿ, ಕೆಳಗಿದ್ದ ದನಕರುಗಳಿಗೂ ಮನುಷ್ಯರಿಗೂ ಅಪಾಯವನ್ನು ತರುವುದು. ಅಣಬೆಯ ಜಾತಿಯನ್ನೂ ಅದು ಹುಟ್ಟಿದ ಸ್ಥಳವನ್ನೂ ಸರಿಯಾಗಿ ತಿಳಿದುಕೊಂಡರೆ ಈ ಎರಡು ನಷ್ಟಗಳನ್ನೂ ತಪ್ಪಿಸಬಹುದು.

ಅಣಬೆಯೆಂದರೇನು

ಮರದ ಮೇಲೆ ಹೊರಗೆ ಕಾಣುವ ಅಣಬೆಯು ಅದರ ಪೂರ್ಣ ಶರೀರವಲ್ಲ. ಮಾವಿನ ಮರಕ್ಕೆ ಹಣ್ಣು ಹೇಗೋ ಅಣಬೆಯ ಶಿಲೀಂಧ್ರಕ್ಕೆ ಈ ಹಲಗೆಯು ಹಾಗೆ. ನಿಜವಾದ ಶರೀರವು ಕೂದಲಿಗಿಂತಲೂ ಸಣ್ಣನೆಯ ಬಿಳಿಯ ಎಳೆಗಳ ರೂಪದಲ್ಲಿ ಮರದೊಳಗೆ ಹರಡಿಕೊಂಡು, ಮರವನ್ನೇ ಆಹಾರವಾಗಿ ಜೀರ್ಣಿಸಿಕೊಳ್ಳುತ್ತಿರುತ್ತದೆ. ಹೀಗೆ ಅನೇಕ ವರ್ಷ ಒಳಗೆ ಬೆಳೆದ ಮೇಲೆಯೇ ಅದು ಹೊರಗೆ ಫಲವನ್ನು ಬಿಡುವುದು. ಕೊಳೆತ ಮರದಲ್ಲಿ ಅಣಬೆಯು ತಾನಾಗಿ ಹುಟ್ಟುವುದೆಂದು ಹಿಂದೆ ವಿದ್ವಾಂಸರೂ ನಂಬಿದ್ದರು. ಅಣಬೆಯೇ ಕೊಳೆಗೆ ಕಾರಣವೆಂದೂ, ಹೊರಗಣ ಹಲಗೆಯೂ ಒಳಗಣ ಎಳೆಗಳೂ ಒಂದೇ ಜೀವಿಯ ಭಾಗಗಳೆಂದೂ ಜರ್ಮನಿಯ ರಾಬರ್ಟ್ ಹಾರ್ಟಿಗ್ ಎಂಬವರು 1874ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ತೋರಿಸಿಕೊಟ್ಟರು. ಅಣಬೆಯನ್ನು ಕಿತ್ತರೆ ರೋಗವು ಹೋಗದೆಂಬುದಕ್ಕೆ ಇದೇ ಕಾರಣ. ಹಣ್ಣನ್ನು ಕಿತ್ತಮಾತ್ರಕ್ಕೆ ಮಾವಿನ ಮರವು ಸಾಯುವುದಿಲ್ಲವಷ್ಟೆ.

ಹಲಗೆಯ ಕೆಳಮೈಯನ್ನು ನೋಡಿದರೆ ಸೂಜಿಯಿಂದ ಚುಚ್ಚಿದಂತೆ ಸಣ್ಣ ಸಣ್ಣ ರಂಧ್ರಗಳು ಕಾಣುವುವು. ಇವುಗಳ ಮೂಲಕ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಬೀಜಕಣಗಳು ಗಾಳಿಗೆ ಉದುರುತ್ತವೆ. ಕೆನಡಾ ದೇಶದಲ್ಲಿದ್ದ ಬುಲ್ಲರ್ ಎಂಬ ಶಿಲೀಂಧ್ರಶಾಸ್ತ್ರಜ್ಞರು, ದೊಡ್ಡದಾದ ಒಂದು ಚಪ್ಪಟೆಯ ಅಣಬೆಯು ದಿನವೊಂದಕ್ಕೆ ಸುಮಾರು 3000 ಕೋಟಿ ಕಣಗಳನ್ನು ಉದುರಿಸುವುದೆಂದು ಲೆಕ್ಕಹಾಕಿದರು. ಆದರೆ ಆರೋಗ್ಯವಾದ ತೊಗಟೆಯ ಮೇಲೆ ಬಿದ್ದ ಕಣವು ವ್ಯರ್ಥವಾಗುವುದು. ಕೊಡಲಿಯ ಪೆಟ್ಟು, ಮುರಿದ ಕೊಂಬೆಯ ಮೋಟು, ಸಿಡಿಲಿನ ಸೀಳು, ಬೆಂಕಿಯ ಸುಟ್ಟಗಾಯ, ರಸ್ತೆಯ ಕೆಲಸದಲ್ಲಿ ಕಡಿದ ಬೇರು, ಇಂತಹ ಬಾಗಿಲು ಸಿಕ್ಕಿದರೆ ಮಾತ್ರ ಅದು ಸಾಮಾನ್ಯವಾಗಿ ಒಳಹೊಗುವುದು.

ಗಾಯದ ಬಾಗಿಲಿನಿಂದ ರೋಗವು ಹೊಗುವುದಕ್ಕೆ ಪ್ರಸಿದ್ಧವಾದ ನಿದರ್ಶನವು ಕಲ್ಕತ್ತೆಯ ಬಳಿ ಶಿಬಪುರದ ಸಸ್ಯೋದ್ಯಾನದಲ್ಲಿರುವ ಮಹಾ ಆಲದ ಮರ. 1864ರ ಮತ್ತು 1867ರ ಚಂಡಮಾರುತಗಳಲ್ಲಿ ಅದರ ದೊಡ್ಡ ಕೊಂಬೆಗಳು ಮುರಿದುಹೋದುವು. ಆ ಗಾಯಗಳಲ್ಲಿ ಅಣಬೆಯ ರೋಗವು ಸೇರಿ ಮೂಲಕಾಂಡವನ್ನು ಕ್ರಮಕ್ರಮವಾಗಿ ತಿಂದಿತು. ಸುಮಾರು 50 ಅಡಿ ಸುತ್ತಳತೆಯಿದ್ದ ಆ ಕಾಂಡವನ್ನು 1925ರಲ್ಲಿ ತೆಗೆದುಹಾಕಿ, ಉಳಿದ ಮರವನ್ನು ಕಾಪಾಡಿದರು. ಮೂಲವೇ ಇಲ್ಲದ ಆ ಮರವು ಇಂದಿಗೂ ಸಾವಿರಾರು ಬಿಳಲುಗಳ ಮೇಲೆ ನಿಂತು ವಿಸ್ತರಿಸುತ್ತಿದೆ. ಗಾಯದಿಂದ ಕಾಂಡವು ಬೀಳುವ ಸ್ಥಿತಿಗೆ ಬರಲು ಸುಮಾರು ಅರವತ್ತು ವರ್ಷ ಹಿಡಿಯಿತೆಂಬುದನ್ನು ಗಮನಿಸಬೇಕು. ಈ ರೋಗವು ನಿಧಾನವಾದುದು. ಮುಂಚಿತವಾಗಿ ಕಂಡವನಿಗೆ ಯೋಚಿಸಲು ಕಾಲವಿರುತ್ತದೆ.

ಯಾವಾಗ, ಎಲ್ಲಿ ಹುಡುಕಬೇಕು

ಹೊಸ ಅಣಬೆಗಳು ಬೆಳೆಯುವುದು ಹೆಚ್ಚಾಗಿ ಮಳೆಗಾಲದಲ್ಲಿ. ಆದುದರಿಂದ ಮುಂಗಾರು ಬಲಿತ ಮೇಲೆ ಒಮ್ಮೆ, ಹಿಂಗಾರು ಮುಗಿಯುವಾಗ ಒಮ್ಮೆ, ಹೀಗೆ ವರ್ಷಕ್ಕೆ ಎರಡು ಸಲ ಮರಗಳನ್ನು ಸುತ್ತಿ ನೋಡುವುದು ಉತ್ತಮ. ಕೆಲವು ಜಾತಿಗಳು ಒಂದೇ ಋತುವಿನಲ್ಲಿ ಬೆಳೆದು ಒಣಗುತ್ತವೆ. ಮತ್ತೆ ಕೆಲವು ಅನೇಕ ವರ್ಷ ಮರದ ಮೇಲೆಯೇ ಇದ್ದು, ವರ್ಷ ವರ್ಷವೂ ಕೆಳಗಡೆ ಒಂದೊಂದು ಪದರವನ್ನು ಸೇರಿಸಿಕೊಳ್ಳುತ್ತವೆ. ಇಂತಹವನ್ನು ಬೇಸಗೆಯಲ್ಲಿಯೂ ಕಾಣಬಹುದು.

ಹುಡುಕುವವರು ಮೊದಲು ಬುಡವನ್ನು ನೋಡತಕ್ಕದ್ದು. ಬೇರುಗಳು ಕವಲೊಡೆಯುವ ಸಂದುಗಳಲ್ಲಿ ತರಗೆಲೆ, ಹುಲ್ಲು, ಲಂಟಾನದ ಪೊದೆ ಇವುಗಳ ಮರೆಯಲ್ಲಿ ಅಣಬೆಯು ಅಡಗಿರುತ್ತದೆ. ಕಸವನ್ನು ಸರಿಸಿ ನೋಡದಿದ್ದರೆ ಕಾಣುವುದಿಲ್ಲ. ಮರದಿಂದ ಕೆಲವು ಅಡಿ ದೂರದಲ್ಲಿ ನೆಲದಿಂದಲೇ ಎದ್ದಂತೆ ತೋರುವ ಅಣಬೆಯೂ ಹುಗಿದ ಬೇರಿನಿಂದ ಹುಟ್ಟಿರಬಹುದು. ಕಟ್ಟೆ ಕಟ್ಟಿದ ಮರಗಳಲ್ಲಿ ಕಲ್ಲಿಗೂ ಕಾಂಡಕ್ಕೂ ನಡುವಣ ಸಂದನ್ನು ಬಿಡದೆ ನೋಡಬೇಕು. ಎರಡನೆಯದಾಗಿ ಕಾಂಡದ ಮೇಲೆ ಹಳೆಯ ಗಾಯಗಳು, ಪೊಟರೆಯ ಬಾಯಿ, ಕೊಂಬೆ ಮುರಿದ ಗಂಟು ಇವುಗಳನ್ನು ಪರೀಕ್ಷಿಸಬೇಕು. ಮೂರನೆಯದಾಗಿ ದೂರದಲ್ಲಿ ನಿಂತು ಮೇಲಣ ದೊಡ್ಡ ಕೊಂಬೆಗಳ ಅಡಿಯನ್ನು ನೋಡಬೇಕು. ಇದೆಲ್ಲವನ್ನೂ ಮರದ ನಾಲ್ಕು ಕಡೆಗಳಿಂದಲೂ ಮಾಡತಕ್ಕದ್ದು. ದಾರಿಯ ಕಡೆಯಿಂದ ಮಾತ್ರ ನೋಡಿದವನಿಗೆ ಅರ್ಧ ಮರವೇ ಕಂಡಂತಾಗುವುದು.

ಬಿದ್ದ ಮರದಲ್ಲಿ ತಿಳಿಯಬೇಕಾದ ಒಂದು ಸೂಕ್ಷ್ಮವಿದೆ. ಅಣಬೆಯ ರಂಧ್ರಗಳಿರುವ ಮೈ ಯಾವಾಗಲೂ ನೆಲದ ಕಡೆಗೇ ಇರುವಂತೆ ಅದು ಬೆಳೆಯುತ್ತದೆ. ಮರವು ನಿಂತಿದ್ದಾಗ ಹುಟ್ಟಿದ ಹಲಗೆಗಳು, ಮರವು ಬಿದ್ದ ಮೇಲೆ ನೆಟ್ಟಗೆ ನಿಂತಂತೆ ಕಾಣುವುವು. ಬಿದ್ದ ಮೇಲೆ ಹುಟ್ಟಿದವು ನೆಲಕ್ಕೆ ಸಮಾನಾಂತರವಾಗಿರುವುವು. ಇದನ್ನು ನೋಡಿ, ಅಣಬೆಯು ಬೀಳುವ ಮೊದಲೇ ಇತ್ತೆ ಅಥವಾ ಅನಂತರ ಬಂದಿತೆ ಎಂಬುದನ್ನು ನಿರ್ಣಯಿಸಬಹುದು. ಮೊದಲೇ ಇದ್ದ ಪಕ್ಷದಲ್ಲಿ ಅದೇ ಸಾಲಿನ ಪಕ್ಕದ ಮರಗಳನ್ನು ಒಡನೆಯೇ ಪರೀಕ್ಷಿಸುವುದು ಬುದ್ಧಿವಂತಿಕೆ.

ಗುರುತಿಸುವ ಕ್ರಮ

ಇದಕ್ಕೆ ಬೇಕಾದ ಸಲಕರಣೆಗಳು ಒಂದು ಚಾಕು, ಅಳತೆಯ ಪಟ್ಟಿ, ಬಿಳಿಯ ಕಾಗದ ಇಷ್ಟೇ. ಅಣಬೆಗೆ ಕಾಲು ಇದೆಯೆ ಇಲ್ಲವೆ, ಮೇಲ್ಮೈ ಹೊಳೆಯುವುದೆ ಮಂಕಾಗಿರುವುದೆ, ಕೆಳಮೈಯಲ್ಲಿ ರಂಧ್ರಗಳಿವೆಯೆ ಪದರಗಳಿವೆಯೆ, ಕೊಯ್ದಾಗ ಒಳಗಣ ಬಣ್ಣವೇನು, ಮೆದುವೆ ಗಟ್ಟಿಯೆ ಎಂಬಿವನ್ನು ನೋಡಬೇಕು. ಬೀಜಕಣಗಳ ಬಣ್ಣವನ್ನು ತಿಳಿಯಲು, ಎಳೆಯ ಅಣಬೆಯ ಒಂದು ತುಂಡನ್ನು ಕೆಳಮೈ ಕೆಳಗಾಗಿ ಬಿಳಿಯ ಕಾಗದದ ಮೇಲಿಟ್ಟು, ಬಟ್ಟಲನ್ನು ಕವುಚಿ ಒಂದು ರಾತ್ರಿ ಬಿಡಬೇಕು. ಬೆಳಿಗ್ಗೆ ಕಾಗದದ ಮೇಲೆ ಕಂದುಬಣ್ಣದ ಪುಡಿ ಕಂಡರೆ ಅದು ಒಂದು ಗುಂಪು. ಬಿಳಿಯ ಪುಡಿಯು ಕಪ್ಪು ಕಾಗದದ ಮೇಲೆ ಚೆನ್ನಾಗಿ ಕಾಣುವುದು.

ನಮ್ಮ ಸೀಮೆಯಲ್ಲಿ ಸಾಮಾನ್ಯವಾಗಿ ಕಾಣಬರುವ ಬಗೆಗಳು ಇವು:

1. ಮೆರುಗಿನ ಅಣಬೆ. ಶಾಸ್ತ್ರದಲ್ಲಿ ಇದು ಗ್ಯಾನೊಡರ್ಮಾ ಎಂಬ ಕುಲಕ್ಕೆ ಸೇರಿದುದು. ಮೇಲ್ಮೈಯು ಅರಗಿನ ಮೆರುಗು ಕೊಟ್ಟಂತೆ ಕೆಂಪು ಮಿಶ್ರವಾದ ಕಂದುಬಣ್ಣದಿಂದ ಹೊಳೆಯುವುದು. ಬೆಳೆಯುತ್ತಿರುವಾಗ ಅಂಚು ಬೆಳ್ಳಗೂ ಹಳದಿಯಾಗಿಯೂ ಇರುವುದು. ಆಕಾರವು ಮೂತ್ರಪಿಂಡದಂತೆ, ಕೆಲವು ವೇಳೆ ಪಕ್ಕದಲ್ಲಿ ಗಟ್ಟಿಯಾದ ಕಾಲಿರುವುದು. ಪುಡಿಯು ಕಂದು. ಹೊಂಗೆ, ಜಾಲಿ, ಸರ್ವೆ, ಗುಲ್‌ಮೊಹರ್, ಅಡಿಕೆ, ತೆಂಗು ಮೊದಲಾದುವುಗಳ ಬುಡದಲ್ಲಿ ಕಾಣಬರುತ್ತದೆ. ಹಿಂದಣ ಪುಸ್ತಕಗಳಲ್ಲಿ ಇದನ್ನೆಲ್ಲ ಗ್ಯಾನೊಡರ್ಮಾ ಲೂಸಿಡಮ್ ಎಂಬ ಒಂದೇ ಹೆಸರಿನಿಂದ ಕರೆದಿದ್ದಾರೆ. ಆ ಹೆಸರು ಯೂರೋಪಿನ ಜಾತಿಗೆ ಸಲ್ಲತಕ್ಕುದೆಂದೂ, ಏಷ್ಯಾದ ಉಷ್ಣಪ್ರದೇಶಗಳಲ್ಲಿರುವುವು ಬೇರೆ ಬೇರೆ ಜಾತಿಗಳೆಂದೂ ಇತ್ತೀಚಿನ ಸಂಶೋಧನೆಗಳಿಂದ ತಿಳಿದುಬಂದಿದೆ. ರೈತನ ಮಟ್ಟಿಗೆ, ಬುಡದಲ್ಲಿ ಮೆರುಗಿನ ಅಣಬೆ ಕಂಡಿತೆಂಬುದೇ ಮುಖ್ಯವಾದ ಸಂಗತಿ.

2. ಚಪ್ಪಟೆಯ ಮಂಕು ಅಣಬೆ. ಇದೂ ಗ್ಯಾನೊಡರ್ಮಾ ಕುಲದ್ದೇ, ಮೆರುಗಿಲ್ಲ. ಮೇಲ್ಮೈಯು ಬೂದು ಅಥವಾ ಕಂದು. ಅನೇಕ ವೇಳೆ ತನ್ನದೇ ಕಂದು ಪುಡಿಯಿಂದ ಕೋಕೋ ಪುಡಿಯನ್ನು ಚೆಲ್ಲಿದಂತೆ ಮುಚ್ಚಿಹೋಗಿರುವುದು. ಅನೇಕ ವರ್ಷ ಬಾಳಿ ಒಂದೆರಡು ಅಡಿ ಅಗಲಕ್ಕೆ ಬೆಳೆಯಬಲ್ಲುದು. ತಾಜಾ ಇರುವಾಗ ಬಿಳಿಯ ಕೆಳಮೈಯನ್ನು ಕಡ್ಡಿಯಿಂದ ಗೀಚಿದರೆ ಗೀಚಿದ ಗೆರೆಯು ಒಡನೆಯೇ ಕಂದುಬಣ್ಣಕ್ಕೆ ತಿರುಗುವುದು. ಇದೇ ಅದರ ನಿಶ್ಚಯವಾದ ಗುರುತು.

3. ಗೊರಸಿನ ಅಣಬೆ. ಇವು ಫೆಲ್ಲೈನಸ್ ಮೊದಲಾದ ಕುಲಗಳವು. ಕುದುರೆಯ ಗೊರಸಿನಂತೆ ದಪ್ಪ, ಮರದಂತೆ ಗಟ್ಟಿ. ಮೇಲ್ಮೈಯು ಕರಿದಾಗಿ ಬಿರುಕು ಬಿಟ್ಟಿರುವುದು. ಕೊಯ್ದರೆ ಒಳಗೆ ಕಬ್ಬಿಣದ ತುಕ್ಕಿನ ಬಣ್ಣ. ಪೊಟ್ಯಾಷ್ ದ್ರಾವಣದ ಒಂದು ತೊಟ್ಟು ಹಾಕಿದರೆ ಒಳಮೈಯು ಕಪ್ಪಾಗುವುದು. ಬದುಕಿರುವ ಮರದ ಕಾಂಡದ ಮೇಲೆ ಎತ್ತರದಲ್ಲಿಯೂ ಬರುವುದುಂಟು. ಕಗ್ಗಲಿ ಮರದ ಚೇಗನ್ನು ಕೊಳೆಯಿಸುವುದರಲ್ಲಿ ಈ ಗುಂಪಿನ ಒಂದು ಜಾತಿಯು ಹೆಸರಾದುದು.

4. ಕುಂಕುಮದ ಬಣ್ಣದ ಅಣಬೆ. ತೆಳುವಾಗಿ, ಮೇಲೂ ಕೆಳಗೂ ಕಿತ್ತಳೆ ಕೆಂಪಿನಿಂದ ದೂರಕ್ಕೇ ಕಾಣುವುದು. ಬಿಸಿಲು ಬೀಳುವ ಒಣಮರದ ಮೇಲೆ ಬೆಳೆಯುವುದು. ಪಿಕ್ನೋಪೋರಸ್ ಎಂದು ಇದರ ಹೆಸರು.

5. ಜೇನುಹುಟ್ಟಿನ ಅಣಬೆ. ತೆಳ್ಳಗೆ ತೊಗಲಿನಂತಿದ್ದು, ಕೆಳಮೈಯಲ್ಲಿ ಜೇನಿನ ಹಟ್ಟಿಯಂತೆ ಆರು ಮೂಲೆಯ ದೊಡ್ಡ ಕಣ್ಣುಗಳಿರುವುವು. ಒಣಗಿದ ಕೊಂಬೆಗಳ ಮೇಲೆ ಸಾಮಾನ್ಯ.

6. ಸೀಳುಪದರದ ಅಣಬೆ. ಒಂದೆರಡು ಅಂಗುಲದ ಬೀಸಣಿಗೆಯಂತೆ, ಮೇಲೆ ಬಿಳಿಯ ಬೂದು ರೋಮವಿರುವುದು. ಕೆಳಗೆ ರಂಧ್ರಗಳಿಲ್ಲ, ಉದ್ದುದ್ದಕ್ಕೆ ಸೀಳಿದ ಪದರಗಳಿವೆ. ಮಾವಿನ ಒಣಕೊಂಬೆ, ಸೌದೆಯ ರಾಶಿ, ಬೇಲಿಯ ಗೂಟ ಎಲ್ಲೆಡೆಯೂ ಕಾಣುವುದು.

ಈ ಅಣಬೆಗಳಲ್ಲಿ ಯಾವುದನ್ನಾಗಲಿ ಔಷಧಿಯೆಂದೋ ಆಹಾರವೆಂದೋ ಗೊತ್ತಿಲ್ಲದೆ ತಿನ್ನಬಾರದು. ಮೆರುಗಿನ ಅಣಬೆಯ ಕೆಲವು ಜಾತಿಗಳನ್ನು ಚೀನಾದೇಶದಲ್ಲಿ ಪೂರ್ವಕಾಲದಿಂದಲೂ ಔಷಧಿಗೆ ಬಳಸುತ್ತಿರುವುದು ನಿಜ. ಆದರೆ ತೋಟದಲ್ಲಿ ಕಂಡುದೆಲ್ಲವೂ ಅದೇ ಎಂದು ತಿಳಿಯುವುದು ಅವಿವೇಕ.

ಕಂಡುದರ ಅರ್ಥವೇನು

ಕೊನೆಯ ಮೂರು ಬಗೆಗಳು ಬಹುಮಟ್ಟಿಗೆ ಸತ್ತ ಮರವನ್ನು ತಿನ್ನುವಂತಹವು. ಅವು ಒಣಕೊಂಬೆಯ ಮೇಲೆ ಕಂಡರೆ, ಆ ಕೊಂಬೆಯು ಸತ್ತಿದೆಯೆಂದು ಮಾತ್ರ ಅರ್ಥ. ಅದರ ಕೆಳಗೆ ಜನರು ಕುಳಿತುಕೊಳ್ಳುವ ಜಾಗವಿದ್ದರೆ ಆ ಕೊಂಬೆಯನ್ನು ತೆಗೆಸಿದರೆ ಸಾಕು, ಮರವನ್ನು ಕಡಿಯಬೇಕಾದುದಿಲ್ಲ.

ಕಾಂಡದ ಮೇಲೆ ಗೊರಸಿನ ಅಣಬೆ ಕಂಡರೆ ಚೇಗು ಕೊಳೆಯುತ್ತಿದೆಯೆಂದು ತಿಳಿಯಬೇಕು. ಆದರೆ ಚೇಗು ಸತ್ತ ಭಾಗ. ನೀರನ್ನು ಮೇಲಕ್ಕೆ ಸಾಗಿಸುವುದು ಹೊರಗಣ ಎಳೆಯ ಮರ. ಆದುದರಿಂದ ಒಳಗೆ ಪೊಳ್ಳಾದ ಮರವೂ ಹಸುರಾಗಿ ಫಲ ಕೊಡುತ್ತಿರುವುದು. ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನ ಹುಣಿಸೆಯ ತೋಪು 2007ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಲ್ಪಟ್ಟಿತು. ಅಲ್ಲಿಯ ಮುದಿ ಮರಗಳಲ್ಲಿ ಹಲವು ಕಾಂಡವು ಪೊಳ್ಳಾಗಿ ಸೀಳಿದ್ದರೂ ಚಿಗುರುತ್ತಲೇ ಇವೆ. ಬಿದಿರು ಪೊಳ್ಳಾಗಿದ್ದರೂ ಬಲವಾಗಿರುವಂತೆ, ಸುತ್ತಲೂ ಸಾಕಷ್ಟು ದಪ್ಪದ ಗಟ್ಟಿ ಗೋಡೆಯಿದ್ದರೆ ಪೊಳ್ಳು ಮರವೂ ನಿಲ್ಲುವುದು. ಗಟ್ಟಿ ಗೋಡೆಯ ದಪ್ಪವು ಕಾಂಡದ ಮಧ್ಯದಿಂದ ಹೊರಮೈಗಿರುವ ದೂರದಲ್ಲಿ ಸುಮಾರು ಮೂರರಲ್ಲೊಂದು ಭಾಗಕ್ಕಿಂತ ಕಡಿಮೆಯಾದರೆ ಎಚ್ಚರಿಕೆ ಬೇಕೆಂದು ಜರ್ಮನಿಯ ಮ್ಯಾಟ್ಟೆಕ್ ಎಂಬ ವಿದ್ವಾಂಸರು ಹೇಳಿದ್ದಾರೆ. ಇದು ಅಂದಾಜಿನ ಸೂತ್ರವೇ ಹೊರತು ಕಟ್ಟಳೆಯಲ್ಲ. ಮರದ ಎತ್ತರ, ಓಲುವಿಕೆ, ಗಾಳಿಯ ಹೊಡೆತ ಇವುಗಳನ್ನೂ ಗಣಿಸಬೇಕು. ಮರದ ಸುತ್ತಿಗೆಯಿಂದ ಕಾಂಡವನ್ನು ಸುತ್ತಲೂ ತಟ್ಟುತ್ತ ಬಂದರೆ ಗಟ್ಟಿಯಾದ ಕಡೆಗೂ ಪೊಳ್ಳಾದ ಕಡೆಗೂ ಶಬ್ದದ ಭೇದವು ಕಿವಿಗೆ ತಿಳಿಯುವುದು.

ಎಲ್ಲಕ್ಕಿಂತಲೂ ಹೆಚ್ಚು ಶಂಕೆಗೆ ಕಾರಣವಾದುದು ಬುಡದಲ್ಲಿ ಕಾಣುವ ಗ್ಯಾನೊಡರ್ಮಾ. ಇದು ಬೇರನ್ನೂ ಬುಡವನ್ನೂ ಕೊಳೆಯಿಸುವುದು. ಮೇಲೆ ಎಲೆಗಳು ಹಸುರಾಗಿದ್ದರೂ ಕೆಳಗೆ ಹಿಡಿತವು ಸಡಿಲಿರಬಹುದು; ನೆಲವು ನೆನೆದು ಗಾಳಿ ಬೀಸಿದ ದಿನ ಅಂತಹ ಮರವು ಬುಡಸಹಿತ ಉರುಳುವುದು. ಬುಡದ ಅಣಬೆಯೊಡನೆ ಮರವು ಹೊಸದಾಗಿ ಓಲಿರುವುದು, ಓಲಿದುದರ ಎದುರು ಬದಿಯ ನೆಲವು ಬಿರಿದು ಎದ್ದಿರುವುದು, ತುದಿಯ ಕೊಂಬೆಗಳು ಒಣಗಿರುವುದು ಇವುಗಳಲ್ಲೊಂದು ಕಂಡುಬಂದರೂ ಕೆಳಗೆ ಸಂತೆ ಕೂಡುವುದನ್ನೂ, ಮಕ್ಕಳು ಆಡುವುದನ್ನೂ, ದನಗಳನ್ನು ಕಟ್ಟುವುದನ್ನೂ ಆ ದಿನವೇ ನಿಲ್ಲಿಸಿ, ಅರಣ್ಯ ಇಲಾಖೆಯವರಿಗೆ ತಿಳಿಸಬೇಕು.

ಅಡಿಕೆ ಮತ್ತು ತೆಂಗಿನ ತೋಟದ ವಿಚಾರ

ತೋಟದವರಿಗೆ ಈ ಅಣಬೆಯು ಹಳೆಯ ವೈರಿ. ಮಲೆನಾಡಿನ ಮತ್ತು ಮೈದಾನದ ರೈತರು ಇದಕ್ಕೆ ಅಣಬೆ ರೋಗವೆಂದೇ ಹೆಸರಿಟ್ಟರು. ಆ ಕನ್ನಡದ ಹೆಸರೇ ಶಾಸ್ತ್ರಗ್ರಂಥಗಳನ್ನೂ ಸೇರಿತು. ಬಟ್ಲರ್ ಎಂಬವರು 1906ರಲ್ಲಿ ಇದನ್ನು ವರದಿಮಾಡಿದರು. ಅಡಿಕೆ ಮತ್ತು ತೆಂಗಿನ ಮೇಲೆ ಈ ಶಿಲೀಂಧ್ರದ ಜೀವನಕ್ರಮವನ್ನು ಕುರಿತು ವೆಂಕಟರಾಯನ್ ಎಂಬವರ ಸಂಶೋಧನೆಯು 1936ರಲ್ಲಿ ಪ್ರಕಟವಾಯಿತು. ತಮಿಳುನಾಡಿನಲ್ಲಿ 1952ರಲ್ಲಿ ಕಾಣಿಸಿಕೊಂಡು ತಂಜಾವೂರಿನ ಸೊರಗು ರೋಗವೆನಿಸಿಕೊಂಡುದೂ ಇದೇ ಗುಂಪಿನ ಅಣಬೆಯಿಂದಲೇ.

ಮೊದಲು ಹೊರಸುತ್ತಿನ ಗರಿಗಳು ಹಳದಿಯಾಗಿ ಜೋಲುಬೀಳುತ್ತವೆ. ನೀರಿನ ಕೊರತೆಯೆಂದು ಭ್ರಮೆಯಾಗುವುದು ಸಹಜ. ಅನಂತರ ಬುಡದ ಬಳಿ ಕಾಂಡದಿಂದ ಕಂದುಬಣ್ಣದ ರಸವು ಒಸರಿ ಕಲೆಗಳಾಗುವುವು. ಅಣಬೆಯು ಹೊರಬರುವ ವೇಳೆಗೆ ಮರವು ಸಾಮಾನ್ಯವಾಗಿ ಕೈಮೀರಿರುವುದು. ಕಾಡುಮರದಲ್ಲಿ ಹತ್ತಾರು ವರ್ಷ ನಡೆಯುವ ಕೆಲಸವು ಇಲ್ಲಿ ಕೆಲವೇ ವರ್ಷಗಳಲ್ಲಿ ಮುಗಿಯುವುದಲ್ಲದೆ, ಬೇರಿನಿಂದ ಬೇರಿಗೆ ಹರಡಿ ಪಕ್ಕದ ಮರಗಳನ್ನೂ ಹಿಡಿಯುವುದು. ಆದುದರಿಂದ ತೋಟದಲ್ಲಿ ಮಾತ್ರ ನಿರ್ದಾಕ್ಷಿಣ್ಯವಾಗಿರಬೇಕು. ಸತ್ತ ಮರವನ್ನು ಬುಡ, ಬೇರುಸಹಿತ ಅಗೆದು ತೆಗೆದು ಸುಡಬೇಕು. ಮೋಟನ್ನು ನೆಲದಲ್ಲಿ ಬಿಡಬಾರದು. ರೋಗದ ಮರದ ಸುತ್ತ 2 ಅಡಿ ಆಳ, 1 ಅಡಿ ಅಗಲದ ಕಂದಕವನ್ನು ತೋಡಿ ಅದನ್ನು ಪ್ರತ್ಯೇಕಿಸಬೇಕು. ರೋಗದ ಪಾತಿಯಿಂದ ಆರೋಗ್ಯದ ಪಾತಿಗೆ ನೀರು ಹರಿಯಬಾರದು. ನೀರು ನಿಲ್ಲದಂತೆ ಬಸಿಗಾಲುವೆಯನ್ನು ಶುದ್ಧಮಾಡಬೇಕು. ಅಡಿಕೆಯ ಮರವೊಂದಕ್ಕೆ ವರ್ಷಕ್ಕೆ 2 ಕಿಲೋಗ್ರಾಂ ಬೇವಿನ ಹಿಂಡಿಯನ್ನು ಗೊಬ್ಬರದೊಡನೆ ಹಾಕುವುದರಿಂದ ಅನುಕೂಲವುಂಟು. ಔಷಧಿಗಳ ವಿಚಾರವನ್ನು ಹತ್ತಿರದ ತೋಟಗಾರಿಕೆ ಇಲಾಖೆಯಲ್ಲಿ ಕೇಳಿಕೊಂಡು ನಡೆಯತಕ್ಕದ್ದು.

ಮುನ್ನೆಚ್ಚರಿಕೆಗಳು

ಮರದೊಳಗೆ ಹೊಕ್ಕ ಅಣಬೆಯನ್ನು ಹೊರಡಿಸುವ ಔಷಧಿಯಿಲ್ಲ. ಹಿಂದಣ ಕಾಲದಲ್ಲಿ ಪೊಟರೆಯನ್ನು ಕೆತ್ತಿ, ಟಾರು ಬಳಿದು, ಗಾರೆ ಅಥವಾ ಸಿಮೆಂಟನ್ನು ತುಂಬಬೇಕೆಂದು ಉಪದೇಶಿಸುತ್ತಿದ್ದರು. ಅಮೆರಿಕದ ಅಲೆಕ್ಸ್ ಶೈಗೊ ಎಂಬವರು ಸಾವಿರಾರು ಮರಗಳನ್ನು ಸೀಳಿ ಪರೀಕ್ಷಿಸಿ, ಮರವು ತನ್ನ ಗಾಯದ ಸುತ್ತ ತಾನೇ ತಡೆಗೋಡೆಯನ್ನು ಕಟ್ಟಿಕೊಂಡು ಕೊಳೆಯನ್ನು ಒಳಗೇ ಬಂಧಿಸುವುದೆಂದು ತೋರಿಸಿದ ಮೇಲೆ ಆ ಪದ್ಧತಿಯು ಬಿದ್ದುಹೋಯಿತು. ಪೊಟರೆಯನ್ನು ಕೆತ್ತಿದರೆ ಆ ಗೋಡೆಯೇ ಒಡೆದು ಕೊಳೆಯು ಹೊರಗಣ ಒಳ್ಳೆಯ ಮರಕ್ಕೆ ದಾರಿಮಾಡಿಕೊಳ್ಳುವುದು. ಪೊಟರೆಯನ್ನು ಹಾಗೆಯೇ ಬಿಡುವುದು ಮೇಲು. ಅಲ್ಲಿ ವಾಸಿಸುವ ಗೂಬೆಯು ಹೊಲದ ಇಲಿಗಳನ್ನು ಹಿಡಿದು ಬಾಡಿಗೆಯನ್ನು ತೀರಿಸುವುದು.

ಆದುದರಿಂದ ಗಾಯವಾಗದಂತೆ ಕಾಯುವುದೊಂದೇ ಮುಖ್ಯವಾದ ಚಿಕಿತ್ಸೆ. ಬುಡದಲ್ಲಿ ತರಗನ್ನು ಸುಡಬಾರದು. ಕೊಂಬೆಯನ್ನು ಕೊಡಲಿಯಿಂದ ಸೀಳದೆ ಗರಗಸದಿಂದ, ಕಾಂಡದ ಉಬ್ಬಿಗೆ ತಾಗದಂತೆ, ಮೋಟು ಉಳಿಯದಂತೆ ಕೊಯ್ಯಬೇಕು. ಕಾಂಡಕ್ಕೆ ಮೊಳೆ ಹೊಡೆಯಬಾರದು. ಕಟ್ಟೆಯನ್ನು ಸಿಮೆಂಟಿನಿಂದ ಕಾಂಡದವರೆಗೂ ಮುಚ್ಚದೆ ಮಣ್ಣಿಗೆ ಗಾಳಿ, ನೀರು ಹೋಗುವಂತೆ ಬಿಡಬೇಕು. ರಸ್ತೆ, ಕೊಳಾಯಿ, ಚರಂಡಿಗಾಗಿ ಅಗೆಯುವಾಗ ದೊಡ್ಡ ಬೇರುಗಳನ್ನು ಕಡಿಯಗೊಡಬಾರದು. ಅಪಾಯವೆಂದು ತೋರಿದ ಮರಗಳಲ್ಲಿಯೂ ಅನೇಕ ವೇಳೆ ತಲೆಯ ಭಾರವನ್ನು ಇಳಿಸಿದರೆ ಸಾಕಾಗುವುದು. ಕಡಿಯಲೇಬೇಕಾದಲ್ಲಿ, ವಿನಾಯಿತಿ ಪಡೆದ ಕೆಲವು ಜಾತಿಗಳ ಹೊರತು, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯ ಪ್ರಕಾರ ವೃಕ್ಷಾಧಿಕಾರಿಯ ಅನುಮತಿಯನ್ನು ಪಡೆಯತಕ್ಕದ್ದು.

ಪ್ರತಿಯೊಂದು ಗ್ರಾಮದಲ್ಲಿಯೂ ಹಳೆಯ ಮರಗಳಿಗಾಗಿ ಒಂದು ಪುಸ್ತಕವನ್ನಿಡುವುದು ಬಹಳ ಪ್ರಯೋಜನಕರ. ಮರದ ಜಾತಿ, ನಿಂತ ಸ್ಥಳ, ಎದೆಯೆತ್ತರದ ಸುತ್ತಳತೆ, ಅಣಬೆಯ ಬಗೆ, ಅದು ನೆಲದಿಂದ ಎಷ್ಟು ಎತ್ತರದಲ್ಲಿ ಯಾವ ದಿಕ್ಕಿಗಿದೆ, ಅದರ ಅಗಲ, ನೋಡಿದ ದಿನ, ಇಷ್ಟನ್ನು ಬರೆದಿಟ್ಟರೆ ಮುಂದಿನ ವರ್ಷ ಹೋಲಿಸಿ ನೋಡಬಹುದು. ಅಣಬೆಗಳು ಹೆಚ್ಚುತ್ತಿವೆಯೆ, ಇದ್ದಂತೆಯೇ ಇವೆಯೆ ಎಂಬುದು ಆಗ ಗೊತ್ತಾಗುವುದೇ ಹೊರತು ಒಂದು ದಿನದ ನೋಟದಿಂದ ಗೊತ್ತಾಗದು. ಹಿಂದಣವರು ಮರಗಳನ್ನು ನೆಟ್ಟು ನೆರಳನ್ನು ಕೊಟ್ಟುಹೋದರು. ಈಗಿನವರು ವರ್ಷಕ್ಕೆ ಎರಡು ಸಲ ಅವುಗಳ ಬುಡದ ಕಸವನ್ನು ಸರಿಸಿ ನೋಡುವಷ್ಟು ಶ್ರಮವನ್ನು ವಹಿಸಿದರೆ, ಆ ನೆರಳು ಮುಂದಿನವರಿಗೂ ಉಳಿಯುವುದು. ಅದರ ಕೆಳಗೆ ಕುಳಿತವರೂ ಸುರಕ್ಷಿತವಾಗಿರುವರು.